ಹೂಟರ್ ವೈರ್ ತೆಗೆದುಬಿಟ್ಟೆ, ತಪ್ಪಾಯ್ತಾ?

ಪ್ರಶ್ನೆ: ನಾನು ಜಗಳೂರು ಕಡೆಯವನು. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಮುಗಿಸಿದ್ದೇನೆ. ಮೂರು ತಿಂಗಳಿಂದ ದಾವಣಗೆರೆಯ ಒಂದು ನಾಲ್ಕು ಮಹಡಿಯ ಸರ್ಕಾರಿ ಕಟ್ಟಡದಲ್ಲಿ ಗುತ್ತಿಗೆದಾರರ ಕಡೆಯಿಂದ ಟೆಕ್ನಿಷಿಯನ್ ಆಗಿದ್ದೇನೆ. ಫೈರ್ ಅಲಾರಂ, ಯುಪಿಎಸ್, ಕ್ಯಾಮೆರಾ, ಮೈಕ್ ಸೆಟ್, ಲಿಫ್ಟ್ ದೂರು ಎಲ್ಲಾ ನನ್ನ ತಲೆಗೇ. ಫೈರ್ ಅಲಾರಂ ದಿನಾ ಸಂಜೆ ಸುಮ್ನೆ ಹೊಡೆದುಕೊಳ್ಳುತ್ತದೆ. ನಮ್ಮ ಹಿರಿಯ ಎಲೆಕ್ಟ್ರಿಷಿಯನ್ ‘ಅದರ ಹೂಟರ್ (ಕೂಗುವ ಸೈರನ್) ವೈರ್ ತೆಗೆದುಬಿಡು, ತಲೆನೋವು ಹೋಗುತ್ತದೆ’ ಅಂದರು. ತೆಗೆದಿದ್ದೇನೆ. ತಪ್ಪಾಯ್ತಾ? ಇನ್ನೊಂದು ಮಾತು. ಗೆಳೆಯರೆಲ್ಲ ಬೆಂಗಳೂರಿನ ಫ್ಯಾಕ್ಟರಿಗೆ ಬಾ ಅಂತಾರೆ. ಈ ಕೆಲಸದಲ್ಲಿ ಕಲಿಯೋಕೆ ಏನಾದರೂ ಇದೆಯಾ?

ಉತ್ತರ: ಮೊದಲು ಆ ವೈರ್ ವಾಪಸ್ ಹಾಕಿ ಬನ್ನಿ. ಆಮೇಲೆ ಮುಂದಿನದನ್ನು ಓದಿ.

ಬೈಯಲು ಹೇಳುತ್ತಿಲ್ಲ. ನಿಮ್ಮ ವಯಸ್ಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಆ ಕೂಗು ಕೇಳಿ ಕೇಳಿ ಜನ ನಮ್ಮನ್ನೇ ದುರುಗುಟ್ಟಿ ನೋಡುವಾಗ ಕಟರ್ ಕೈಗೆ ಬಂದುಬಿಡುತ್ತದೆ. ಆದರೆ ವೈರ್ ಹಾಕುವಾಗ ಒಂದು ಎಚ್ಚರ. ಹೂಟರ್ ಲೈನ್‌ಗೆ ಪ್ಲಸ್ ಮೈನಸ್ ಇದೆ. ಸುಮ್ಮನಿರುವಾಗ ಪ್ಯಾನೆಲ್, ಅಂದರೆ ಅಲಾರಂನ ವೈರ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಆ ಲೈನ್‌ಗೆ ಉಲ್ಟಾ ವೋಲ್ಟೇಜ್ ಕೊಟ್ಟು ‘ವೈರ್ ಇದೆಯಾ’ ಅಂತ ನೋಡಿಕೊಳ್ಳುತ್ತಿರುತ್ತದೆ. ಹೂಟರ್ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಅದನ್ನು ತಡೆಯುತ್ತದೆ. ಬೆಂಕಿ ಬಂದಾಗ ಪ್ಯಾನೆಲ್ ವೋಲ್ಟೇಜನ್ನು ತಿರುಗಿಸಿ ನೇರ ಮಾಡುತ್ತದೆ, ಆಗ ಹೂಟರ್ ಕೂಗುತ್ತದೆ. ನೀವು ಪ್ಲಸ್ ಮೈನಸ್ ಅದಲುಬದಲು ಮಾಡಿ ಹಾಕಿದರೆ ಅಲಾರಂ ಬಂದ ಹೊತ್ತಿಗೆ ಹೂಟರ್ ಬಾಯಿಯನ್ನೇ ಬಿಡುವುದಿಲ್ಲ. ಹಾಗಾಗಿ ಹಾಕಿದ ಮೇಲೆ ಕಚೇರಿಯವರಿಗೆ ಹೇಳಿ, ಒಂದು ಸಲ ನಿಜವಾಗಿ ಕೂಗಿಸಿ ನೋಡಿ. ನಾಲ್ಕೂ ಮಹಡಿಯಲ್ಲಿ ಕೇಳಿಸಬೇಕು.

ನಿಮ್ಮ ಪ್ಯಾನೆಲ್ ಸರಿಯಿದ್ದರೆ ವೈರ್ ತೆಗೆದ ದಿನದಿಂದ ಅದರಲ್ಲಿ ಹಳದಿ ದೀಪ ಉರಿಯುತ್ತಿರಬೇಕು, ಒಳಗಿನ ಬಜರ್ ಕೂಡ ಕುಯ್ ಅನ್ನುತ್ತಿರಬೇಕು. ಉರಿಯುತ್ತಿಲ್ಲವಾದರೆ ಅದು ಇನ್ನೂ ದೊಡ್ಡ ಚಿಂತೆ. ಯಾಕೆ ಅಂತ ಹೇಳುತ್ತೇನೆ, ಏಕೆಂದರೆ ಈ ಕೆಲಸದ ಅಸಲು ಇರುವುದೇ ಇಲ್ಲಿ.

ಹಳೆ ಮಾದರಿಯ ಪ್ಯಾನೆಲ್‌ನಲ್ಲಿ ಒಂದೊಂದು ಮಹಡಿಗೆ ಅಥವಾ ಒಂದೊಂದು ಭಾಗಕ್ಕೆ ಒಂದು ಜೋನ್ ಇರುತ್ತದೆ. ಒಂದು ಜೊತೆ ವೈರ್, ಅದರ ಉದ್ದಕ್ಕೂ ಹೊಗೆ ಪತ್ತೆ ಮಾಡುವ ಡಿಟೆಕ್ಟರ್‌ಗಳು. ಕೊನೆಯ ಡಿಟೆಕ್ಟರ್‌ನಲ್ಲಿ ಕರೆಂಟನ್ನು ಮಿತಿಯಲ್ಲಿಡುವ ಒಂದು ಚಿಕ್ಕ ರೆಸಿಸ್ಟರ್. ಬಹಳ ಕಡೆ 4.7 ಕಿಲೋ ಓಂ ಇರುತ್ತದೆ, ಕಂಪನಿಗೊಂದು ಅಳತೆ. 24 ವೋಲ್ಟ್ ಕೊಟ್ಟರೆ ಅದರಲ್ಲಿ ಸುಮಾರು 5 ಮಿಲಿ ಆಂಪಿಯರ್ ಹರಿಯುತ್ತದೆ. ಈ ಪುಟಾಣಿ ಕರೆಂಟೇ ಪ್ಯಾನೆಲ್‌ಗೆ ‘ಲೈನ್ ಜೀವಂತ ಇದೆ’ ಅನ್ನುವ ಸುದ್ದಿ. ಎಲ್ಲಾದರೂ ವೈರ್ ಕಡಿದರೆ ಕರೆಂಟ್ ಸೊನ್ನೆ, ಫಾಲ್ಟ್‌ನ ಹಳದಿ ದೀಪ ಹತ್ತುತ್ತದೆ. ಡಿಟೆಕ್ಟರ್‌ಗೆ ಹೊಗೆ ಸಿಕ್ಕರೆ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಬೆಂಕಿಯ ಕೆಂಪು ದೀಪ ಹತ್ತುತ್ತದೆ. ಇಷ್ಟೇ ಯಂತ್ರ. ಐಟಿಐನಲ್ಲಿ ಮೊದಲ ವರ್ಷ ಕಲಿತ ಓಮ್‌ನ ನಿಯಮದಿಂದಾಚೆಗೆ ಇದರಲ್ಲಿ ಏನೂ ಇಲ್ಲ.

ಈಗ ಕಳ್ಳದಾರಿ ಕೇಳಿ. ಎಲ್ಲೋ ಫಾಲ್ಸ್ ಸೀಲಿಂಗ್ ಮೇಲೆ ಇಲಿ ವೈರ್ ಕಡಿದಿದೆ. ಹುಡುಕಲು ಬೇಸರ. ಆಗ ಯಾರೋ ಒಬ್ಬರು ಅದೇ ಅಳತೆಯ ರೆಸಿಸ್ಟರ್ ತಂದು ಪ್ಯಾನೆಲ್ ಒಳಗಿನ ಟರ್ಮಿನಲ್‌ಗೇ ಸಿಕ್ಕಿಸಿಬಿಡುತ್ತಾರೆ. ಹಳದಿ ದೀಪ ಆರಿತು. ಪ್ಯಾನೆಲ್ ಹಸಿರು. ಎಲ್ಲರಿಗೂ ನೆಮ್ಮದಿ. ಆದರೆ ಆ ಮಹಡಿಯೇ ಕುರುಡಾಗಿದೆ. ನಾನು ಹಿಂದೆ ಒಂದು ದೊಡ್ಡ ಕಟ್ಟಡದ ಕೆಲಸ ವಹಿಸಿಕೊಂಡಾಗ ಎಂಟು ಜೋನ್‌ನಲ್ಲಿ ಮೂರು ಹೀಗಿದ್ದವು. ಅದರಲ್ಲಿ ಒಂದು, ಗಂಟು ಗಂಟು ಹಳೆ ಕಡತ ತುಂಬಿದ್ದ ರೆಕಾರ್ಡ್ ರೂಮ್. ಎಷ್ಟು ವರ್ಷದಿಂದ ಹಾಗಿತ್ತೋ, ರಿಜಿಸ್ಟರ್‌ನಲ್ಲಿ ಮಾತ್ರ ಪ್ರತಿ ತಿಂಗಳೂ ‘ಸಿಸ್ಟಮ್ ಓಕೆ’.

ಆದ್ದರಿಂದ ನಾಳೆ ನಿಮ್ಮ ಪ್ಯಾನೆಲ್ ಬಾಗಿಲು ತೆಗೆದು ನೋಡಿ. ಟರ್ಮಿನಲ್‌ನಲ್ಲಿ ವೈರ್ ಬದಲು ರೆಸಿಸ್ಟರ್ ನೇತಾಡುತ್ತಿದೆಯಾ? ಬಳಸದೇ ಇರುವ ಜೋನ್‌ಗೆ ಹಾಗೆ ಹಾಕಿರುವುದು ಸರಿ. ಹೆಸರು ಬರೆದಿರುವ ಜೋನ್‌ಗೆ ಹಾಕಿದ್ದರೆ ಮೋಸ. ಅದನ್ನು ಕೂಡಲೇ ಬರೆದು ಇಂಜಿನಿಯರ್‌ಗೆ ಕೊಡಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಇನ್ನು ದಿನಾ ಸಂಜೆಯ ಕೂಗು. ‘ಸುಮ್ನೆ’ ಅಂತ ಬರೆದಿದ್ದೀರಿ. ದಿನಾ ಒಂದೇ ಹೊತ್ತಿಗೆ ಆಗುತ್ತಿದ್ದರೆ ಅದು ಸುಮ್ನೆ ಅಲ್ಲ, ಅದಕ್ಕೊಂದು ಕಾರಣ ದಿನಾ ಸಂಜೆ ಬಂದು ಹೋಗುತ್ತಿದೆ. ಅಲಾರಂ ಹೊಡೆದ ಕೂಡಲೇ ಏನಾಗುತ್ತದೆ? ಯಾರೋ ಓಡಿಹೋಗಿ ರಿಸೆಟ್ ಒತ್ತುತ್ತಾರೆ. ಅಲ್ಲಿಗೆ ಸಾಕ್ಷಿ ಅಳಿಸಿಹೋಯಿತು. ಈ ಡಿಟೆಕ್ಟರ್‌ಗಳು ಒಮ್ಮೆ ಎಚ್ಚರವಾದರೆ ರಿಸೆಟ್ ಮಾಡುವ ತನಕ ಕೆಂಪು ದೀಪ ಉರಿಸಿಕೊಂಡೇ ಇರುತ್ತವೆ. ಹಾಗಾಗಿ ಮೊದಲು ಯಾವ ಜೋನ್ ಅಂತ ನೋಡಿ ಆ ಮಹಡಿಗೆ ಓಡಿ. ನಿಜವಾದ ಬೆಂಕಿಯೇ ಇರಬಹುದು, ಅದನ್ನು ಮರೆಯಬೇಡಿ. ಬೆಂಕಿ ಇಲ್ಲ ಅಂತ ಖಾತ್ರಿಯಾದ ಮೇಲೆ ಕೂಗು ನಿಲ್ಲಿಸುವ ಗುಂಡಿ ಒತ್ತಿಸಿ, ರಿಸೆಟ್ ಬೇಡ. ಸೂರು ನೋಡುತ್ತಾ ನಡೆಯಿರಿ. ದೀಪ ಹತ್ತಿದ ಡಿಟೆಕ್ಟರ್ ಸಿಗುತ್ತದೆ. ಹೊಸ ಮಾದರಿಯ ಪ್ಯಾನೆಲ್ ಆಗಿದ್ದರೆ ಪ್ರತಿ ಡಿಟೆಕ್ಟರ್‌ಗೂ ಒಂದು ನಂಬರ್ ಇರುತ್ತದೆ, ಪರದೆ ಮೇಲೇ ಬರುತ್ತದೆ. ಓಡಾಟ ಉಳಿಯಿತು.

ಡಿಟೆಕ್ಟರ್ ಸಿಕ್ಕ ಮೇಲೆ ಅದರ ಕೆಳಗೆ ನಿಂತು ಸುತ್ತ ನೋಡಿ. ಮೂಗು, ಕಣ್ಣು ಎರಡೂ ಬಳಸಿ. ಹೊಗೆ ಡಿಟೆಕ್ಟರ್ ಒಳಗೆ ಒಂದು ಕತ್ತಲೆ ಗೂಡು ಇದೆ. ಒಂದು ಎಲ್‌ಇಡಿ, ಒಂದು ಫೋಟೋ ಡಯೋಡ್. ಎರಡೂ ಒಂದನ್ನೊಂದು ನೇರ ನೋಡದ ಹಾಗೆ ಓರೆಯಾಗಿ ಕೂರಿಸಿರುತ್ತಾರೆ. ಹೊಗೆಯ ಕಣ ಬಂದರೆ ಬೆಳಕು ಚದುರಿ ಡಯೋಡ್‌ಗೆ ಬೀಳುತ್ತದೆ. ಅದಕ್ಕೆ ಹೊಗೆ ಯಾವುದು, ಧೂಳು ಯಾವುದು, ಜೇಡ ಯಾವುದು ಗೊತ್ತಾಗುವುದಿಲ್ಲ. ಸಂಜೆ ಕಚೇರಿ ಬಿಟ್ಟ ಮೇಲೆ ಕಸ ಗುಡಿಸುತ್ತಾರೆ, ಧೂಳು ಏಳುತ್ತದೆ. ದೀಪ ಹಚ್ಚಿ ಊದುಬತ್ತಿ, ಲೋಬಾನ ಹಾಕುವವರಿದ್ದಾರೆ. ಮುಂಗಾರು ಶುರುವಿನಲ್ಲಿ ಟ್ಯೂಬ್‌ಲೈಟ್‌ಗೆ ಮಳೆಹುಳ ಮುತ್ತುತ್ತವೆ. ಇದು ದಾವಣಗೆರೆ ನೋಡಿ, ಸಂಜೆ ಐದಾದರೆ ಮಿರ್ಚಿ ಕರಿಯದೇ ಇರುವ ಕ್ಯಾಂಟೀನ್ ಯಾವುದಿದೆ? ಒಂದು ಕಟ್ಟಡದಲ್ಲಿ ನಾನು ವಾರವಿಡೀ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ನೋಡಿದರೆ ಕ್ಯಾಂಟೀನ್‌ನವರು ಬಾಣಲೆಯನ್ನು ಕಿಟಕಿ ಹತ್ತಿರದಿಂದ ಬಾಗಿಲ ಹತ್ತಿರಕ್ಕೆ ತಂದಿದ್ದರು. ಎಣ್ಣೆ ಹೊಗೆ ನೇರ ಕಾರಿಡಾರ್ ಸೂರಿಗೆ. ಬಾಣಲೆ ವಾಪಸ್ ಕಿಟಕಿಗೆ ಹೋಯಿತು, ಅಲಾರಂ ನಿಂತಿತು. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಅಡುಗೆ ಮಾಡುವ ಜಾಗದ ಒಳಗೆ ಹೊಗೆ ಡಿಟೆಕ್ಟರ್ ಇಟ್ಟಿದ್ದರೆ ಅದನ್ನು ಶಾಖದ ಡಿಟೆಕ್ಟರ್‌ಗೆ ಬದಲಿಸಬೇಕು. ಸಾಮಾನ್ಯವಾಗಿ 57–58 ಡಿಗ್ರಿಗೆ ಅಥವಾ ಶಾಖ ಗಬಕ್ಕನೆ ಏರಿದರೆ ಮಾತ್ರ ಅದು ಕೂಗುತ್ತದೆ. ಒಗ್ಗರಣೆಗೆ ಹೆದರುವುದಿಲ್ಲ. ಆದರೆ ಈ ಬದಲಾವಣೆ ನಿಮ್ಮೊಬ್ಬರ ತೀರ್ಮಾನ ಆಗಬಾರದು. ಇದಕ್ಕೆ ಐಎಸ್ 2189 ಅನ್ನುವ ಭಾರತೀಯ ಮಾನಕ ಇದೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಇದೆ. ಇಂಜಿನಿಯರ್ ಸಹಿ ಬೇಕು.

ಇನ್ನೊಂದು ಸಾಧ್ಯತೆ. ಸಂಜೆ ಕರೆಂಟ್ ಹೋಗಿ ಜನರೇಟರ್ ಹತ್ತುವ ಹೊತ್ತಿಗೇ ಅಲಾರಂ ಆಗುತ್ತಿದ್ದರೆ ಡಿಟೆಕ್ಟರ್ ಬಿಡಿ, ಪ್ಯಾನೆಲ್‌ನ ಬ್ಯಾಟರಿ ನೋಡಿ. ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬರುವ ಆ ಕೆಲವು ಸೆಕೆಂಡಿನಲ್ಲಿ ಪ್ಯಾನೆಲ್ ಪೂರ್ತಿ ಆರಿ ಮತ್ತೆ ಏಳುತ್ತದೆ, ಏಳುವಾಗ ಏನೇನೋ ಬಡಬಡಿಸುತ್ತದೆ.

ಡಿಟೆಕ್ಟರ್ ಬಿಚ್ಚಿ ಬ್ರಷ್, ಬ್ಲೋವರ್‌ನಲ್ಲಿ ಶುಚಿ ಮಾಡಬಹುದು. ನೀರು, ಸ್ಪಿರಿಟ್ ಬೇಡ. ಹಾಗೇ ಕಣ್ಣು ಹಾಯಿಸಿ, ಬಣ್ಣ ಬಳಿಯುವಾಗ ಹಾಕಿದ ಪ್ಲಾಸ್ಟಿಕ್ ಟೋಪಿ ಇನ್ನೂ ಯಾವುದಾದರೂ ಡಿಟೆಕ್ಟರ್ ಮೇಲೆ ಇದೆಯಾ ಅಂತ. ನಗಬೇಡಿ. ಉದ್ಘಾಟನೆಯಾಗಿ ಎರಡು ವರ್ಷವಾದ ಕಟ್ಟಡದಲ್ಲಿ ಒಂದಿಡೀ ಮಹಡಿಯ ಟೋಪಿ ನಾನೇ ತೆಗೆದಿದ್ದೇನೆ.

ಬ್ಯಾಟರಿ ವಿಷಯ ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಟೆಕ್ನಿಷಿಯನ್‌ನ ಅತಿ ದೊಡ್ಡ ಶತ್ರು ಬಿಸಿಲು. ಸೀಲ್ ಮಾಡಿದ ಲೆಡ್ ಬ್ಯಾಟರಿಯ ಆಯಸ್ಸನ್ನು ಕಂಪನಿಯವರು ಲೆಕ್ಕ ಹಾಕುವುದು 25 ಡಿಗ್ರಿಗೆ. ಅದಕ್ಕಿಂತ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. ಏಪ್ರಿಲ್ ತಿಂಗಳಲ್ಲಿ ಕಿಟಕಿ ಇಲ್ಲದ ಯುಪಿಎಸ್ ರೂಮಿಗೆ ಹೋಗಿ ನಿಂತು ನೋಡಿ. ಐದು ವರ್ಷದ ಬ್ಯಾಟರಿ ಎರಡೂವರೆ ವರ್ಷಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಕೂತಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಬ್ಯಾಟರಿ ರೂಮಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೇಳಿ. ಬ್ಯಾಟರಿಗಿಂತ ಅದು ಅಗ್ಗ.

ಫೈರ್ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಆಂಪಿಯರ್ ಅವರ್‌ನ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಸೇರಿರುತ್ತವೆ. ಚಾರ್ಜ್‌ನಲ್ಲಿದ್ದಾಗ ಮೀಟರ್ ಇಟ್ಟರೆ ಒಂದೊಂದು 13.5ರಿಂದ 13.8 ತೋರಿಸುತ್ತದೆ. ಸತ್ತ ಬ್ಯಾಟರಿ ಕೂಡ ಅಷ್ಟೇ ತೋರಿಸಬಹುದು! ಮೀಟರ್ ಓದುತ್ತಿರುವುದು ಚಾರ್ಜರ್‌ನ ವೋಲ್ಟೇಜನ್ನು. ಮೇನ್ಸ್ ಆಫ್ ಮಾಡಿ, ಹೂಟರ್ ಕೂಗಿಸಿ, ಆಗ ಅಳೆಯಿರಿ. ಒಳ್ಳೆಯದು 12ರ ಮೇಲೆ ನಿಲ್ಲುತ್ತದೆ. ಸತ್ತದ್ದು ನೋಡನೋಡುತ್ತಾ 10.5ಕ್ಕಿಂತ ಕೆಳಗೆ ಜಾರುತ್ತದೆ. ಯುಪಿಎಸ್‌ನಲ್ಲೂ ಇದೇ ಆಟ. ಇಪ್ಪತ್ತು ಬ್ಯಾಟರಿಯ ಸಾಲಿನಲ್ಲಿ ಒಂದು ಕೆಟ್ಟರೆ ಹತ್ತೊಂಬತ್ತು ಒಳ್ಳೆಯವೂ ಕೆಲಸಕ್ಕೆ ಬರುವುದಿಲ್ಲ. ಲೋಡ್ ಮೇಲೆ ಒಂದೊಂದರ ವೋಲ್ಟೇಜ್ ಬರೆದಿಟ್ಟುಕೊಂಡರೆ ಕಳ್ಳ ಸಿಗುತ್ತದೆ. ಒಂದು ಎಚ್ಚರಿಕೆ, ಅಂಥ ಸಾಲಿನ ತುದಿಯಿಂದ ತುದಿಗೆ 240 ವೋಲ್ಟ್ ಡಿಸಿ ಇದೆ. ಕರೆಂಟ್ ಆಫ್ ಮಾಡಿದರೂ ಅದು ಆಫ್ ಆಗುವುದಿಲ್ಲ. ಉಂಗುರ, ಕಡಗ, ಸರ ತೆಗೆದು ಕೆಲಸ ಮಾಡಿ. ಸ್ಪ್ಯಾನರ್‌ಗೆ ಟೇಪ್ ಸುತ್ತಿ.

ನಿಮ್ಮ ಐಟಿಐ ವಿದ್ಯೆ ಚೆನ್ನಾಗಿ ಉಪಯೋಗಕ್ಕೆ ಬರುವುದು ಪವರ್ ಸಪ್ಲೈನಲ್ಲಿ. ‘ಸರ್, ನಿನ್ನೆ ತನಕ ಚೆನ್ನಾಗಿತ್ತು, ಕರೆಂಟ್ ಹೋಗಿ ಬಂದ ಮೇಲೆ ಆನ್ ಆಗ್ತಿಲ್ಲ’ ಅನ್ನುವ ದೂರು ನೂರಾರು ಸಲ ಕೇಳುತ್ತೀರಿ. ಕ್ಯಾಮೆರಾ ರೆಕಾರ್ಡರ್, ನೆಟ್‌ವರ್ಕ್ ಸ್ವಿಚ್, ಟೋಕನ್ ಬೋರ್ಡ್, ಯಾವುದೇ ಇರಲಿ. ಎಲ್ಲರೂ ಸರ್ಜ್ (ವೋಲ್ಟೇಜ್ ಒಮ್ಮೆಲೇ ಏರುವುದು) ಬಂದು ಸುಟ್ಟಿತು ಅನ್ನುತ್ತಾರೆ. ಬಹಳ ಸಲ ಹಾಗಲ್ಲ. ಎಸ್‌ಎಂಪಿಎಸ್, ಅಂದರೆ ಇಂಥ ಸಾಧನದ ಪವರ್ ಸಪ್ಲೈ. ಅದರೊಳಗೆ ಕಂಟ್ರೋಲ್ ಐಸಿಯನ್ನು (ಅದನ್ನು ನಡೆಸುವ ಚಿಪ್) ಎಬ್ಬಿಸಲು ಒಂದು ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತದೆ. ಅದು ಹೀಟ್‌ಸಿಂಕ್ ಪಕ್ಕ ಕೂತು ವರ್ಷಗಟ್ಟಲೆ ಬೆಂದು ಒಣಗಿರುತ್ತದೆ. ಓಡುತ್ತಿರುವ ತನಕ ಅದರ ಕೊರತೆ ಕಾಣುವುದಿಲ್ಲ. ಒಮ್ಮೆ ನಿಂತರೆ ಮತ್ತೆ ಏಳಿಸಲು ಅದಕ್ಕೆ ಶಕ್ತಿ ಇಲ್ಲ. ಕೆಲವೇ ರೂಪಾಯಿಯ ಕೆಪಾಸಿಟರ್. ಪೂರ್ತಿ ಬಾಕ್ಸ್ ಬದಲಿಸಲು ಕೊಟೇಶನ್ ಹೋಗುವ ಮೊದಲು ಇದನ್ನು ನೋಡಿ. ಬಿಚ್ಚಿದಾಗ ಒಳಗೆ ಸುಟ್ಟ ಹಲ್ಲಿಯೋ ಇರುವೆ ಗೂಡೋ ಸಿಕ್ಕರೂ ಆಶ್ಚರ್ಯಪಡಬೇಡಿ. ಕೇಬಲ್ ಬರುವ ತೂತುಗಳನ್ನು ಮುಚ್ಚಿದರೆ ಅರ್ಧ ರಿಪೇರಿ ಉಳಿಯುತ್ತದೆ.

ಈಗ ಚಿತ್ರದುರ್ಗದ ಒಂದು ಕಥೆ ಹೇಳಲೇಬೇಕು. ಬೇಸಿಗೆಯ ಮಧ್ಯಾಹ್ನ. ಒಂದು ಕಚೇರಿಯಿಂದ ಫೋನ್. ‘ಒಂದು ರೂಮಿನಲ್ಲಿ ಫ್ಯಾನ್ ತಿರುಗ್ತಾನೇ ಇಲ್ಲ, ಪಕ್ಕದ ರೂಮಿನಲ್ಲಿ ಕಿತ್ತುಕೊಂಡು ಹೋಗೋ ಹಾಗೆ ತಿರುಗ್ತಿದೆ’ ಅಂದರು. ‘ಮೇನ್ ಸ್ವಿಚ್ ಇಳಿಸಿ, ಈಗಲೇ’ ಅಂದೆ. ಅವರು ಸಾಹೇಬರನ್ನು ಕೇಳಿ ಇಳಿಸುತ್ತೇವೆ ಅಂದರು. ಕೇಳಿ ಬರುವಷ್ಟರಲ್ಲಿ ಹನ್ನೊಂದು ಕಂಪ್ಯೂಟರ್, ಕ್ಯಾಮೆರಾ ರೆಕಾರ್ಡರ್, ಹಾಜರಾತಿ ಯಂತ್ರ ಪಟಪಟ ಅಂತ ಹಾರಿಹೋಗಿದ್ದವು.

ಆಗಿದ್ದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಕಡಿದದ್ದು. ಮೂರು ಫೇಸ್‌ನ ಕಟ್ಟಡದಲ್ಲಿ ಮೇನ್ ನ್ಯೂಟ್ರಲ್ ಬಿಟ್ಟರೆ ಎರಡು ಫೇಸ್‌ನ ಲೋಡುಗಳು 415 ವೋಲ್ಟ್‌ಗೆ ಸೀರೀಸ್‌ನಲ್ಲಿ ಬಂದುಬಿಡುತ್ತವೆ. ಜಾಸ್ತಿ ಲೋಡ್ ಇರುವ ಕಡೆ ವೋಲ್ಟೇಜ್ ಬೀಳುತ್ತದೆ, ಕಡಿಮೆ ಲೋಡ್ ಇರುವ ಕಡೆ ಏರುತ್ತದೆ. ಲೆಕ್ಕ ನೀವೇ ಹಾಕಿ. 230 ವೋಲ್ಟ್‌ಗೆ ಎಸ್‌ಎಂಪಿಎಸ್‌ನ ಮೊದಲ ಕೆಪಾಸಿಟರ್ ಮೇಲೆ ಬರುವುದು 325 ವೋಲ್ಟ್ ಡಿಸಿ. ಅದಕ್ಕೆ ಹಾಕುವ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. ಲೈನ್ 350ಕ್ಕೆ ಏರಿದರೆ ಅದರ ಮೇಲೆ 495. ಸಿಡಿಯದೆ ಏನು ಮಾಡುತ್ತದೆ? ಅಲ್ಲಿ ಅಲ್ಯೂಮಿನಿಯಂ ಕೇಬಲನ್ನು ತಾಮ್ರದ ಪಟ್ಟಿಗೆ ಸರಿಯಾದ ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ಕೊಂಡಿ) ಇಲ್ಲದೆ ಬಿಗಿದಿದ್ದರು. ಎರಡು ಲೋಹ ಸೇರಿದ ಕಡೆ ತುಕ್ಕು, ಸಡಿಲ, ಬಿಸಿ, ಕೊನೆಗೆ ಬೂದಿ. ಆವತ್ತಿನಿಂದ ನಾನು ಹೋದ ಕಡೆಯೆಲ್ಲ ಒಂದು ವಾಕ್ಯ ಮೇನ್ ಬೋರ್ಡ್ ಮೇಲೆ ಅಂಟಿಸಿ ಬರುತ್ತೇನೆ: ‘ಒಂದು ಕಡೆ ದೀಪ ಮಂದ, ಇನ್ನೊಂದು ಕಡೆ ಜಾಸ್ತಿ ಪ್ರಕಾಶ ಕಂಡರೆ ಯಾರನ್ನೂ ಕೇಳದೆ ಮೇನ್ ಇಳಿಸಿ.’ ನಿಮ್ಮ ಕಟ್ಟಡದಲ್ಲೂ ಅಂಟಿಸಿ. ಸಾಹೇಬರ ಸಹಿ ಮೊದಲೇ ಹಾಕಿಸಿಟ್ಟುಕೊಳ್ಳಿ.

ಅಳತೆ ಮಾಡುವಾಗ ಫೇಸ್–ನ್ಯೂಟ್ರಲ್ ಒಂದೇ ನೋಡಿ ಬಿಡಬೇಡಿ. ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಕೂಡ ನೋಡಿ. ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಹತ್ತು, ಇಪ್ಪತ್ತು ತೋರಿಸಿದರೆ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ ಅಥವಾ ಅರ್ಥಿಂಗ್ ಹೋಗಿದೆ. ಅರ್ಥಿಂಗ್ ವಿಷಯದಲ್ಲಿ ದುರ್ಗದವರ ಕಷ್ಟವೇ ಬೇರೆ. ಕೋಟೆ ಕಟ್ಟಲು ಒಳ್ಳೆಯ ಬಂಡೆ, ಅರ್ಥ್ ಪಿಟ್ ತೋಡಲು ಶನಿ. ನಾಲ್ಕಡಿಗೇ ಕಲ್ಲು ಸಿಕ್ಕರೆ ಗುತ್ತಿಗೆದಾರ ಪೈಪನ್ನು ಅಷ್ಟಕ್ಕೇ ಕತ್ತರಿಸಿ ಹೂತು ಮೇಲೆ ಸಿಮೆಂಟ್ ಮುಚ್ಚಳ ಹಾಕಿ ಹೋಗುತ್ತಾನೆ. ಮೇಲಿನಿಂದ ನೋಡಿದರೆ ಎಲ್ಲಾ ಚಂದ. ಅದಕ್ಕೇ ಅರ್ಥ್ ಟೆಸ್ಟರ್‌ನಲ್ಲಿ ಅಳೆಯಬೇಕು, ಅದೂ ಮಾರ್ಚ್, ಏಪ್ರಿಲ್‌ನಲ್ಲಿ, ನೆಲ ಪೂರ್ತಿ ಒಣಗಿರುವಾಗ. ಮಳೆಗಾಲದಲ್ಲಿ ಅಳೆದರೆ ಎಲ್ಲಾ ಪಿಟ್ಟೂ ಪಾಸಾಗುತ್ತವೆ. 5 ಓಂ ದಾಟಿದರೆ ನನಗೆ ನಿದ್ದೆ ಬರುವುದಿಲ್ಲ. ನಿಯಮ ಬೇಕಿದ್ದರೆ ಐಎಸ್ 3043 ಓದಿ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ರತಿ ವರ್ಷ ಗೇಟ್ ಕ್ಯಾಮೆರಾ ಸಾಯುತ್ತದೆ, ಅಲ್ವಾ? ಸಿಡಿಲು ಕ್ಯಾಮೆರಾಕ್ಕೇ ಬಡಿಯಬೇಕಿಲ್ಲ. ಕಟ್ಟಡದ ಅರ್ಥ್ ಒಂದು, ಗೇಟ್ ಕಂಬದ ಅರ್ಥ್ ಇನ್ನೊಂದು. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೆ ಆ ಎರಡು ನೆಲದ ನಡುವೆ ಒಂದು ಕ್ಷಣ ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತದೆ. ನಿಮ್ಮ ತಾಮ್ರದ ನೆಟ್‌ವರ್ಕ್ ಕೇಬಲ್ ಆ ಎರಡಕ್ಕೂ ಸೇತುವೆ. ಎರಡೂ ತುದಿಯ ಪೋರ್ಟ್ ಹೋಗುತ್ತದೆ. ಕಟ್ಟಡದ ಹೊರಗೆ ಹೋಗುವ ಲೈನನ್ನು ಫೈಬರ್ ಮಾಡಿಸಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ತಾಮ್ರಕ್ಕೆ 100 ಮೀಟರ್ ಮಿತಿ ಬೇರೆ ಇದೆ, ಆ ತೊಂದರೆಯೂ ಹೋಯಿತು. ಗೇಟ್ ಕಡೆಯ ಕರೆಂಟ್ ಲೈನ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದಕ್ಕೆ ಒಳ್ಳೆಯ ಅರ್ಥಿಂಗ್ ಇಲ್ಲದಿದ್ದರೆ ಅದು ಅಲಂಕಾರಕ್ಕೆ ಮಾತ್ರ.

ಲಿಫ್ಟ್ ಬಗ್ಗೆ ಚಿಕ್ಕದಾಗಿ. ಲಿಫ್ಟ್ ಒಳಯಂತ್ರ ನಿಮ್ಮದಲ್ಲ. ಕರ್ನಾಟಕದಲ್ಲಿ ಲಿಫ್ಟ್‌ಗೆಂದೇ 2012ರ ಕಾಯ್ದೆ ಇದೆ. ಪರವಾನಗಿ ಇರುವವರೇ ಕೈ ಹಾಕಬೇಕು. ಮೋಟಾರ್ ಡ್ರೈವ್ ಒಳಗೆ 580 ವೋಲ್ಟ್ ಆಸುಪಾಸು ಡಿಸಿ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ನೀವು ಮಾಡಬಹುದಾದದ್ದು ಬಾಗಿಲಿನದು. ಲಿಫ್ಟ್ ದೂರಿನಲ್ಲಿ ಮುಕ್ಕಾಲು ಪಾಲು ಬಾಗಿಲಿನವೇ ಅಂತ ನನ್ನ ಅನುಭವ. ಬಾಗಿಲು ಜಾರುವ ಕೆಳಗಿನ ಹಳಿಯಲ್ಲಿ ಗುಟ್ಕಾ ಚೀಟಿ, ಬೆಣಚುಕಲ್ಲು. ಬಾಗಿಲ ಅಂಚಿನ ಸೆನ್ಸರ್ ಮೇಲೆ ಧೂಳು, ಎಲೆ ಅಡಿಕೆ ಉಗುಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅರ್ಧ ದೂರು ಮುಗಿಯಿತು. ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವ ಬ್ಯಾಟರಿ ವ್ಯವಸ್ಥೆ ಕೆಲಸ ಮಾಡುತ್ತಿದೆಯಾ ಅಂತ ತಿಂಗಳಿಗೊಮ್ಮೆ ಲಿಫ್ಟ್ ಕಂಪನಿಯವರ ಎದುರೇ ಪರೀಕ್ಷೆ ಮಾಡಿಸಿ. ಜನ ಒಳಗೆ ಸಿಕ್ಕಿಕೊಂಡರೆ ಬಾಗಿಲು ಮೀಟಲು ಹೋಗಬೇಡಿ. ಮಾತಾಡಿಸುತ್ತಾ ಇರಿ, ತಿಳಿದವರನ್ನು ಕರೆಸಿ.

ಹಾಗೇ, ನಿಮ್ಮ ಐಟಿಐ ಸರ್ಟಿಫಿಕೇಟ್ ವೈರಿಂಗ್ ಮಾಡಲು ಪರವಾನಗಿ ಅಲ್ಲ. ವೈರ್‌ಮನ್ ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಅದಿಲ್ಲದೆ ಮೇನ್ ಬೋರ್ಡ್‌ಗೆ ಕೈ ಹಾಕಿ ಏನಾದರೂ ಆದರೆ ‘ಆ ಹುಡುಗ ಮಾಡಿದ’ ಅಂತ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಗುತ್ತಿಗೆದಾರರು ಪಿಎಫ್, ಇಎಸ್‌ಐ ನಂಬರ್ ಕೊಟ್ಟಿದ್ದಾರಾ ಅಂತಲೂ ಈ ವಾರವೇ ಕೇಳಿ. ಏಣಿ ಮೇಲೆ ನಿಂತು ಮಾಡುವ ಕೆಲಸ ಇದು.

ಕಲಿಯೋಕೆ ಏನಿದೆ ಅಂತ ಕೇಳಿದ್ದಿರಿ. ಇಷ್ಟು ಹೊತ್ತು ಹೇಳಿದ್ದೆಲ್ಲ ಅದೇ. ಬೆಂಗಳೂರಿನ ಫ್ಯಾಕ್ಟರಿಯನ್ನು ನಾನು ಹೀಗಳೆಯುವುದಿಲ್ಲ. ಸಂಬಳ ಅಲ್ಲಿ ಹೊತ್ತಿಗೆ ಸರಿಯಾಗಿ ಬರಬಹುದು. ಆದರೆ ಅಲ್ಲಿ ಒಂದೇ ಟೇಬಲ್, ಒಂದೇ ಬೋರ್ಡ್, ಒಂದೇ ಟೆಸ್ಟ್. ಇಲ್ಲಿ ಒಂದೇ ದಿನದಲ್ಲಿ ಡಿಟೆಕ್ಟರ್, ಬ್ಯಾಟರಿ, ಆಂಪ್ಲಿಫೈಯರ್, ನೆಟ್‌ವರ್ಕ್ ನೋಡುತ್ತೀರಿ. ಗುತ್ತಿಗೆ ಸಂಬಳ ಕಡಿಮೆ, ಟೆಂಡರ್ ಬದಲಾದಾಗ ಕೆಲಸ ಅಲುಗಾಡುತ್ತದೆ, ಅದೂ ನಿಜ. ನನ್ನ ಮಾತು ಕೇಳುವುದಾದರೆ ಎರಡು ವರ್ಷ ಇಲ್ಲೇ ಇರಿ. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದು. ಕ್ಯಾಮೆರಾ, ಸೆನ್ಸರ್, ಕಂಟ್ರೋಲರ್‌ಗಳು ಇನ್ನು ಕಡಿಮೆಯಾಗುವುದಿಲ್ಲ, ನೋಡಿಕೊಳ್ಳುವವರು ಬೇಕೇ ಬೇಕು.

ಈ ಎರಡು ವರ್ಷದಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ, ಮಾಡ್‌ಬಸ್. ಯಂತ್ರಗಳು ಒಂದರ ಜೊತೆ ಒಂದು ಮಾತಾಡುವ ಭಾಷೆ ಅದು. ನಿಮ್ಮ ಜನರೇಟರ್ ಪ್ಯಾನೆಲ್, ಎನರ್ಜಿ ಮೀಟರ್, ಯುಪಿಎಸ್ ಹಿಂದೆ ಎ, ಬಿ ಅಂತ ಬರೆದ ಎರಡು ಟರ್ಮಿನಲ್ ಇವೆಯಾ ನೋಡಿ. ಅದು ಆರ್‌ಎಸ್ 485, ಮಾಡ್‌ಬಸ್‌ನ ಮಾತು ಹೋಗುವ ವೈರಿನ ದಾರಿ. ಎರಡೇ ವೈರಿನಲ್ಲಿ 1,200 ಮೀಟರ್ ತನಕ ಮಾತು ಕಳಿಸಬಹುದು. ಲೈನಿನ ಎರಡೂ ತುದಿಗೆ 120 ಓಂ ರೆಸಿಸ್ಟರ್ ಹಾಕಬೇಕು, ನಡುವೆ ಕವಲು ಒಡೆಯಬಾರದು. ಎ ಮತ್ತು ಬಿ ಅದಲುಬದಲಾದರೆ ಏನೂ ಸುಡುವುದಿಲ್ಲ, ಸುಮ್ನೆ ಮಾತಾಡುವುದಿಲ್ಲ. ಯುಎಸ್‌ಬಿಗೆ ಸೇರಿಸುವ ಒಂದು ಚಿಕ್ಕ ಕನ್ವರ್ಟರ್ ತಗೊಂಡು ಒಂದು ಮೀಟರ್‌ನ ವೋಲ್ಟೇಜನ್ನು ಲ್ಯಾಪ್‌ಟಾಪ್‌ನಲ್ಲಿ ಓದಿ ನೋಡಿ. ದೊಡ್ಡ ಆಸ್ಪತ್ರೆ, ಡೇಟಾ ಸೆಂಟರ್, ಮೆಟ್ರೋ ಕೆಲಸಗಳಿಗೆ ಇದೇ ಬಾಗಿಲು.

ಒಂದು ಉದ್ದದ ನೋಟ್‌ಬುಕ್ ಇಡಿ. ಕಚೇರಿಯ ರಿಜಿಸ್ಟರ್ ಬೇರೆ, ಇದು ನಿಮ್ಮ ಸ್ವಂತದ್ದು. ದಿನಾಂಕ, ಹೊತ್ತು, ಯಾವ ಡಿಟೆಕ್ಟರ್, ಯಾವ ಬ್ಯಾಟರಿ ಎಷ್ಟು ವೋಲ್ಟ್, ಏನು ಮಾಡಿದಿರಿ. ಮುಂದೆ ಇಂಟರ್‌ವ್ಯೂಗೆ ಹೋದಾಗ ಸರ್ಟಿಫಿಕೇಟ್‌ಗಿಂತ ಮೊದಲು ಅದನ್ನು ಮೇಜಿನ ಮೇಲಿಡಿ. ಮೀಟರ್ ಕೊಳ್ಳುವಾಗ ಕಾಸು ನೋಡಬೇಡಿ. ಅದರ ಮೇಲೆ ಕ್ಯಾಟ್ ಮೂರು (CAT III, ಸುರಕ್ಷತೆಯ ದರ್ಜೆ), 600 ವೋಲ್ಟ್ ಅಂತ ಬರೆದಿರಬೇಕು. ಮೂರು ಫೇಸ್ ಬೋರ್ಡಿನಲ್ಲಿ ಅಗ್ಗದ ಮೀಟರ್ ಕೈಯಲ್ಲೇ ಸಿಡಿದದ್ದನ್ನು ಕಣ್ಣಾರೆ ನೋಡಿದ್ದೇನೆ. ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಬಳಸುವ ದಿನ ಬಂದರೆ ಲೈನಿಂದ ಎಲ್ಲಾ ಎಲೆಕ್ಟ್ರಾನಿಕ್ಸ್ ಬಿಚ್ಚಿಟ್ಟ ಮೇಲೇ ತಿರುಗಿಸಿ. ಅದು ಕೊಡುವ 500 ವೋಲ್ಟ್‌ಗೆ ನಿಮ್ಮ ಡಿಟೆಕ್ಟರ್‌ಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ.

ಇನ್ನು ಆ ಹಿರಿಯ ಎಲೆಕ್ಟ್ರಿಷಿಯನ್. ಅವರ ಮೇಲೆ ದೂರು ಬರೆಯಲು ಹೋಗಬೇಡಿ, ಎದುರು ವಾದವೂ ಬೇಡ. ಅವರು ಹೇಳಿದ್ದು ಕೆಟ್ಟತನಕ್ಕಲ್ಲ, ವರ್ಷಗಟ್ಟಲೆ ಬೈಸಿಕೊಂಡು ಸಾಕಾಗಿ. ಆ ಕಟ್ಟಡದ ಯಾವ ಪೈಪಿನಲ್ಲಿ ಯಾವ ವೈರ್ ಹೋಗಿದೆ ಅಂತ ಡ್ರಾಯಿಂಗ್‌ಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೆ. ಸಂಜೆ ಕರೆದುಕೊಂಡು ಹೋಗಿ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ ಕೊಡಿಸಿ. ‘ಅಣ್ಣಾ, ವೈರ್ ವಾಪಸ್ ಹಾಕಿದ್ದೀನಿ. ಇವತ್ತು ಅದು ಹೊಡೆದಾಗ ನೀವು ಪ್ಯಾನೆಲ್ ಹತ್ತಿರ ನಿಂತಿರಿ, ರಿಸೆಟ್ ಒತ್ತೋಕೆ ಯಾರನ್ನೂ ಬಿಡಬೇಡಿ, ನಾನು ಮೇಲೆ ಓಡ್ತೀನಿ’ ಅನ್ನಿ. ಇಬ್ಬರು ಇದ್ದರೆ ಒಂದೇ ಸಂಜೆಯಲ್ಲಿ ಸಿಗುತ್ತದೆ. ಯಾವ ಡಿಟೆಕ್ಟರ್ ಅಂತ ಅವರಿಗೆ ಈಗಾಗಲೇ ಗೊತ್ತಿದ್ದರೂ ಗೊತ್ತಿರಬಹುದು.